ಹೆಟ್ಟಿ ಟಾಂಕ್ಸ್ ನಿಜ ಹೇಳಿದ ದಿನ

ಹೆಟ್ಟಿ ಟಾಂಕ್ಸ್ ಸುಳ್ಳುಗಾತಿ ಎಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ನನ್ನ ದೋಣಿಯ ಹಗ್ಗ ಬಿಚ್ಚಿ ಕಾಲುವೆಯ ಮಧ್ಯಕ್ಕೆ ತಳ್ಳಿಬಿಡುವ ಹೆಂಗಸು ಅವಳು. ಆದರೆ ಶ್ರಾಪ್‌ಶೈರಿನ ಈ ಕಾಲುವೆಗೆ ಬೇಸಿಗೆಯ ಭಾನುವಾರ ತಿರುಗಾಡಲು ಬಂದವರಲ್ಲಿ ಅವಳದೊಂದು ಸುಳ್ಳನ್ನಾದರೂ ಕೇಳದೆ ಮನೆಗೆ ಮರಳಿದವರು ಕಡಿಮೆ. ಅದರಲ್ಲಿ ತಪ್ಪು ಅವಳೊಬ್ಬಳದೇ ಅಲ್ಲ. ಅವರು ಕೇಳುವ ಪ್ರಶ್ನೆಗಳು ಹಾಗಿರುತ್ತವೆ.

ಕಾಲುವೆಯ ಜನ ಇವರನ್ನು ಗಾಂಗೂಜ್ಲರ್ ಎಂದು ಕರೆಯುತ್ತಾರೆ. ಮಾಡಲು ಬೇರೆ ಕೆಲಸವಿಲ್ಲದೆ ದಂಡೆಯಲ್ಲಿ ನಿಂತು, ಇನ್ನೊಬ್ಬರು ಬೆವರು ಸುರಿಸುವುದನ್ನು ನೋಡುವವರು ಎಂದರ್ಥ. ನಾನು ಸುಮ್ಮನೆ ದಂಡೆಯವರು ಅನ್ನುತ್ತೇನೆ. ಒಂದು ಕೈಯಲ್ಲಿ ಐಸ್‌ಕ್ರೀಮು, ಇನ್ನೊಂದರಲ್ಲಿ ನಾಯಿಯ ಹಗ್ಗ, ಬಾಯಲ್ಲಿ ಪ್ರಶ್ನೆ. ನಾನು ವಾಲ್ಸಾಲ್‌ನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವನು. ಬಸ್ಸಿನ ಹಣೆಯ ಮೇಲೆ ಇಷ್ಟುದ್ದ ಬರೆದಿದ್ದರೂ ‘ಇದು ಎಲ್ಲಿಗೆ ಹೋಗುತ್ತೆ?’ ಎಂದು ಕೇಳುವವರನ್ನು ಕಂಡವನು. ದಂಡೆಯವರ ಮುಂದೆ ಅವರೆಲ್ಲ ಪಂಡಿತರು.

ಹೆಟ್ಟಿಯ ದೋಣಿಯ ಹೆಸರು ‘ಡಾಟಿ ಮೇ’; ಅವಳ ಮನೆಯೂ ಅದೇ. ಉದ್ದ, ಕಿರಿದು, ರೈಲಿನ ಬೋಗಿಯ ಅರ್ಧ ಅಗಲ. ಪೆಲಿಕನ್ ಪಬ್ಬಿನ ಎದುರು, ಹ್ಯಾಝೆಲ್ ಲಾಕಿನ ಪಕ್ಕದಲ್ಲಿ ಅವಳು ಅದನ್ನು ಕಟ್ಟುತ್ತಾಳೆ. ಇಡೀ ಕಾಲುವೆಯಲ್ಲಿ ಅದಕ್ಕಿಂತ ಗದ್ದಲದ ಜಾಗವಿಲ್ಲ. ಬೆಳಿಗ್ಗೆ ಅವಳು ಬೇಕನ್ ಹುರಿದುಕೊಂಡು ತಿನ್ನಲು ಕೂತರೆ ಕಿಟಕಿಗೆ ಮೂಗು ಒತ್ತಿ, ಎರಡೂ ಕೈ ಕಣ್ಣಿಗೆ ಅಡ್ಡ ಹಿಡಿದು ಯಾರೋ ಒಳಗೆ ಇಣುಕುತ್ತಾರೆ. ‘ಅಯ್ಯೋ, ಒಳಗೆ ಯಾರೋ ಇದಾರೆ ಕಣ್ರೀ!’ ಎಂದು ಗಂಡನನ್ನು ಕೂಗುತ್ತಾರೆ. ಗಂಡನೂ ಬಂದು ನೋಡುತ್ತಾನೆ. ಹೆಟ್ಟಿ ಫೋರ್ಕು ಎತ್ತಿ ಬಾ ಎಂದು ಕರೆಯುತ್ತಾಳೆ. ಒಬ್ಬರು ನಿಜವಾಗಿಯೂ ಒಳಗೆ ಬಂದು ಕೂತು, ಎರಡು ಚಹಾ, ಒಂದು ಕೇಕು ಎಂದರು. ಅವರಿಗೆ ಕೇಕು ಖಾಲಿಯಾಗಿದೆ ಎಂದಳಂತೆ.

ಉಬ್ಬರವಿಳಿತ ಯಾವಾಗ ಎಂದು ಕೇಳಿದವನು ಬರ್ಮಿಂಗ್‌ಹ್ಯಾಮಿನ ಶಾಲೆಯ ಉಪಾಧ್ಯಾಯ. ಸಮುದ್ರಕ್ಕೂ ನಮಗೂ ನಡುವೆ ಇಡೀ ವೇಲ್ಸ್ ದೇಶ ಬಿದ್ದುಕೊಂಡಿದೆ.

‘ಬುಧವಾರ ಮಾತ್ರ ಕಣಪ್ಪಾ,’ ಎಂದಳು ಹೆಟ್ಟಿ. ‘ಮುಂಚೆ ದಿನಾ ಬರ್ತಿತ್ತು. ಕೌನ್ಸಿಲ್‌ನೋರು ದುಡ್ಡಿಲ್ಲ ಅಂತ ವಾರಕ್ಕೊಂದೇ ಮಾಡ್ಬಿಟ್ರು.’

‘ಅಯ್ಯೋ ಪಾಪ! ಎಲ್ಲಾದ್ರಲ್ಲೂ ಕಡಿತ ಮಾಡ್ತಾರೆ ನೋಡಿ,’ ಎಂದು ಅವನು ಮರುಗಿದ.

ಶೌಚ ಎಲ್ಲಿ ಎಂಬ ಪ್ರಶ್ನೆಯನ್ನು ನೇರವಾಗಿ ಕೇಳಲು ಇಂಗ್ಲಿಷರಿಗೆ ನಾಚಿಕೆ. ಸುತ್ತಿ ಬಳಸಿ, ಕೆಮ್ಮಿ, ‘ಅದೆಲ್ಲಾ ಹೇಗೆ... ಎಲ್ಲಿ...’ ಎನ್ನುತ್ತಾರೆ. ಹೆಟ್ಟಿ ಗಂಭೀರವಾಗಿ, ‘ನೀವು ನಿಂತಿದೀರಲ್ಲ, ಅಲ್ಲೇ,’ ಎನ್ನುತ್ತಾಳೆ. ಎಂಥ ದೊಡ್ಡ ಮನುಷ್ಯನೂ ಆಗ ಒಂದು ಕಾಲಲ್ಲಿ ನಿಲ್ಲುತ್ತಾನೆ. ಡಾಟಿ ಮೇ ಯಾರೆಂದು ಕೇಳಿದವರಿಗೆ ಒಂದು ದಿನ ಅವಳು ಹೆಟ್ಟಿಯ ಗಂಡ ಲೆನ್ ಕಟ್ಟಿಕೊಂಡು ಓಡಿಹೋದ ಹೆಂಗಸು, ಇನ್ನೊಂದು ದಿನ ರಾಣಿಯ ಅಡುಗೆಯವಳು. ಅದು ದೋಣಿ ಕೊಂಡಾಗಲೇ ಇದ್ದ ಹೆಸರು, ಬಣ್ಣ ಬಳಿಸುವುದು ದಂಡ ಎಂದು ಬಿಟ್ಟಿದ್ದರು ಎಂಬುದು ನನಗೊಬ್ಬನಿಗೆ ಗೊತ್ತು.

ಈ ನಾಲಿಗೆ ಅವಳಿಗೆ ಬಂದದ್ದು ಟಿಪ್ಟನ್ನಿನ ಶಾಲೆಯ ಅಡುಗೆಮನೆಯಿಂದ. ಅಲ್ಲಿ ಅರ್ಧ ಆಯುಷ್ಯ ಮಕ್ಕಳ ತಟ್ಟೆಗೆ ಕಸ್ಟರ್ಡ್ ಸುರಿದಿದ್ದಾಳೆ. ಲೆನ್ ಸರಪಳಿ ಮಾಡುವ ಕಾರ್ಖಾನೆಯಲ್ಲಿದ್ದ. ದಿನಕ್ಕೆ ನಾಲ್ಕು ಮಾತಾಡಿದರೆ ಅವನ ಮಟ್ಟಿಗೆ ಭಾಷಣ. ಇಬ್ಬರೂ ನಿವೃತ್ತರಾಗಿ ಮನೆ ಮಾರಿ ದೋಣಿ ಕೊಂಡರು. ಎರಡನೆಯ ಚಳಿಗಾಲಕ್ಕೆ ಲೆನ್ ತೀರಿಕೊಂಡ. ಇವಳು ಇನ್ನು ದೋಣಿ ಮಾರಿ ಮಗಳ ಮನೆ ಸೇರುತ್ತಾಳೆ ಎಂದು ನಾವೆಲ್ಲ ಅಂದುಕೊಂಡೆವು. ಅವಳು ಲೆನ್‌ನ ದಪ್ಪ ಕೋಟು ಹಾಕಿಕೊಂಡು, ಇಂಜಿನ್ನಿನ ಎಣ್ಣೆ ಬದಲಾಯಿಸುವುದು ಹೇಗೆಂದು ನನ್ನನ್ನು ಕೇಳಲು ಬಂದಳು. ಹೇಳಿಕೊಟ್ಟೆ. ನಾನು ಹೇಳಿದ್ದು ತಪ್ಪೆಂದು ಮಾರನೆಯ ದಿನ ಬಂದು ಬೈದಳು.

ಮಗಳು ಬೆವರ್ಲಿ ಸಾಲಿಹಲ್‌ನಲ್ಲಿ ಯಾವುದೋ ದೊಡ್ಡ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಕ್ರಿಸ್‌ಮಸ್ಸಿಗೆ ಅಮ್ಮನನ್ನು ಕಾರಿನಲ್ಲಿ ಕರೆದೊಯ್ದು, ಮೂರು ದಿನ ಇಟ್ಟುಕೊಂಡು ಮರಳಿ ಬಿಡುತ್ತಿದ್ದಳು. ಬಿಡುವುದೂ ಸೇತುವೆಯ ಮೇಲೆ. ಕೆಳಗೆ ಕೆಸರು, ಅವಳ ಬೂಟು ಒಳ್ಳೆಯದು. ಕಳೆದ ಚಳಿಗಾಲ ಹೆಟ್ಟಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಬೆವರ್ಲಿ ಬಂದು ಮಂಚದ ಪಕ್ಕ ನಿಂತಳು.

‘ಅಮ್ಮಾ, ಇನ್ನೊಂದ್ಸಲ ಏನಾದ್ರೂ ಆದ್ರೆ ದೋಣಿ ಮಾರ್ತೀಯ. ನಮ್ಮನೆಗೆ ಬರ್ತೀಯ. ಮಾತು ಕೊಡು.’

‘ನಿಮ್ಮನೇಲಿ ಜಾಗ ಎಲ್ಲಿದೆಯೇ? ಆ ರೂಮಲ್ಲಿ ನಿನ್ ಗಂಡ ಗ್ರಹಾಂ ಸೈಕಲ್ಲು ಇಟ್ಕೊಂಡಿದಾನಲ್ಲ, ಎಷ್ಟು ತುಳಿದ್ರೂ ಎಲ್ಲಿಗೂ ಹೋಗ್ದಿರೋದು.’

‘ಮಾತು ಕೊಡಮ್ಮಾ.’

ಕೈಗೆ ಬ್ಯಾಂಡೇಜು, ಮೈಗೆ ನೋವಿನ ಔಷಧಿ. ಹೆಟ್ಟಿ ಮಾತು ಕೊಟ್ಟಳು. ಇಡೀ ಲೋಕಕ್ಕೆ ಸುಳ್ಳು ಹೇಳುವ ಈ ಹೆಂಗಸು ಮಗಳಿಗೆ ಕೊಟ್ಟ ಮಾತನ್ನು ಮುರಿಯುವವಳಲ್ಲ. ಅವಳಿಗೂ ಅದು ಗೊತ್ತು, ಬೆವರ್ಲಿಗೂ ಗೊತ್ತು. ಆಮೇಲೆ ಮಳೆ ಬಂದ ದಿನ ಅವಳು ದೋಣಿಯ ಮಾಡಿನ ಮೇಲೆ ಕಾಲಿಡಲಿಲ್ಲ, ಮಂಜು ಬಿದ್ದ ದಿನ ಬಾಗಿಲೇ ತೆರೆಯಲಿಲ್ಲ. ಬೇಸಿಗೆ ಬಂದಾಗ ಮಾತ್ರ ಮೈಮರೆತಳು.

ಆಗಸ್ಟಿನ ಒಂದು ಭಾನುವಾರ. ಚಳಿಗಾಲದ ಒಲೆಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ನಾವಿಬ್ಬರೂ ಕೆಳಗಿನ ಊರಿಗೆ ಹೊರಟಿದ್ದೆವು. ಹ್ಯಾಝೆಲ್ ಲಾಕ್ ಇಳಿಯಬೇಕು. ಲಾಕೆಂದರೆ ದೋಣಿಯನ್ನು ಕಾಲುವೆಯ ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಸುವ ಕಲ್ಲಿನ ದೊಡ್ಡ ತೊಟ್ಟಿ. ಮೇಲೊಂದು ಬಾಗಿಲು, ಕೆಳಗೊಂದು ಬಾಗಿಲು. ತುಂಬಿದ ತೊಟ್ಟಿಗೆ ದೋಣಿ ನುಗ್ಗಿಸಿ, ಮೇಲಿನ ಬಾಗಿಲು ಮುಚ್ಚಿ, ಕೆಳಗಿನ ತೂಬು ಎತ್ತಿದರೆ ನೀರು ಇಳಿಯುತ್ತದೆ, ಜೊತೆಗೆ ದೋಣಿಯೂ. ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಕಲ್ಲಿನ ಹೊಸ್ತಿಲು ಮುಂದಕ್ಕೆ ಚಾಚಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲಿರುವಾಗ ನೀರು ಇಳಿಯಿತೋ, ಹಿಂಭಾಗ ಹೊಸ್ತಿಲ ಮೇಲೆ ಕೂರುತ್ತದೆ, ಮೂತಿ ಮಾತ್ರ ಇಳಿಯುತ್ತ ಹೋಗುತ್ತದೆ. ಆಮೇಲೆ ದೋಣಿ ಮುಳುಗಲು ಚಹಾ ಆರುವಷ್ಟು ಹೊತ್ತೂ ಬೇಡ. ಅದಕ್ಕೇ ಗೋಡೆಯ ಮೇಲೆ ಬಿಳಿ ಗೆರೆ ಎಳೆದಿದ್ದಾರೆ. ಅದರಿಂದ ಹಿಂದೆ ಹೋಗಬಾರದು. ಕಾಲುವೆಗೆ ಬಂದ ಮೊದಲ ದಿನ ಎಲ್ಲರೂ ಕಲಿಯುವ ಪಾಠ ಅದು.

ನನ್ನ ದೋಣಿಯನ್ನು ಲಾಕಿನ ಮೇಲ್ಗಡೆ ಗೂಟಕ್ಕೆ ಕಟ್ಟುತ್ತಿದ್ದೆ. ಹೆಟ್ಟಿ ‘ಡಾಟಿ ಮೇ’ಯನ್ನು ಲಾಕಿನೊಳಗೆ ತಂದು ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದಳು. ದಂಡೆಯಲ್ಲಿ ಪೆಲಿಕನ್‌ನಿಂದ ಎದ್ದು ಬಂದ ಒಂದು ಸಂತೆ ಜನ. ಹೂವಿನ ಟೊಪ್ಪಿಯ ಹೆಂಗಸೊಬ್ಬಳು ಫೋನು ಹಿಡಿದು, ‘ಅಮ್ಮಾ, ಒಂಚೂರು ಹಿಂದಕ್ಕೆ ತರ್ತೀರಾ? ಹೆಸರಿನ ಮೇಲೆ ಬಿಸಿಲು ಬೀಳುತ್ತೆ, ಚೆನ್ನಾಗ್ ಬರುತ್ತೆ ಫೋಟೊ,’ ಎಂದಳು.

ದೋಣಿಯನ್ನು ಫೋಟೊಗಾಗಿ ಹಿಂದೆ ಸರಿಸಿ ಎಂದು ಕೇಳುವವರು ಇರುತ್ತಾರೆ, ಇರಲಿ. ಸರಿಸುವವರನ್ನು ನಾನು ಅಂದೇ ನೋಡಿದ್ದು. ಹೆಟ್ಟಿ ಹಗ್ಗ ಹಿಡಿದು ಎಳೆದಳು. ಗೆರೆ ದಾಟಿತು. ಫೋಟೊ ಆಯಿತು. ಅಷ್ಟರಲ್ಲಿ ಯಾರೋ ಮೀನುಗಳು ಲಾಕನ್ನು ಹೇಗೆ ಇಳಿಯುತ್ತವೆ ಎಂದು ಕೇಳಿದರು. ಇಂಥ ಪ್ರಶ್ನೆ ಬಿಟ್ಟು ಹೋಗಲು ಅವಳಿಂದಾದೀತೇ? ಕೆಳಗಿನ ಬಾಗಿಲ ಹತ್ತಿರ ಹೋಗಿ, ಕಬ್ಬಿಣದ ಹಿಡಿ ತಿರುಗಿಸಿ ತೂಬು ಎತ್ತಿ, ದೋಣಿಗೆ ಬೆನ್ನು ಹಾಕಿ ನಿಂತಳು. ದೊಡ್ಡ ಮೀನುಗಳು ಸಣ್ಣ ಮೀನುಗಳ ಕೈ ಹಿಡಿದು ಸಾಲಾಗಿ ಕಾಯುತ್ತವೆ ಎಂದು ಶುರುಮಾಡಿದಳು.

ಗುಂಪಿನ ಹಿಂದೆ ಒಬ್ಬ ಬೋಳುತಲೆಯವನು ಐಸ್‌ಕ್ರೀಮು ನೆಕ್ಕುತ್ತಿದ್ದ. ದೋಣಿಯ ಕಡೆ ನೋಡುತ್ತಿದ್ದವನು ಅವನೊಬ್ಬನೇ.

‘ಕ್ಷಮಿಸಿ,’ ಎಂದ. ‘ಹಿಂದ್ಗಡೆ ಅಲ್ಲೇ ಮೇಲೆ ಉಳ್ಕೊಂಡಿದೆ, ಮುಂದ್ಗಡೆ ಮಾತ್ರ ಇಳೀತಾ ಇದೆ. ಅದು ಹಾಗೇ ಆಗ್ಬೇಕಾ?’

ಇಷ್ಟು ವರ್ಷಗಳಲ್ಲಿ ದಂಡೆಯಿಂದ ಬಂದ ಮೊದಲ ಬುದ್ಧಿವಂತ ಪ್ರಶ್ನೆ ಅದು. ಹೆಟ್ಟಿ ತಿರುಗಿಯೂ ನೋಡಲಿಲ್ಲ.

‘ಹೂಂ ಕಣಪ್ಪಾ. ಬೇಸಿಗೇಲಿ ಒಂದ್ಸಲ ಹಾಗೆ ಓರೆ ಮಾಡಿ, ನೆಲ ತೊಳೆದ ನೀರನ್ನ ಬಸಿದುಬಿಡ್ತೀವಿ.’

ಜನ ಗೊಳ್ಳೆಂದು ನಕ್ಕರು. ಅವರು ನಗುತ್ತಿರುವಾಗಲೇ ದೋಣಿಯೊಳಗಿನ ಕಪಾಟು ತೆರೆದುಕೊಂಡು ಅಷ್ಟೂ ಪಿಂಗಾಣಿ ಒಟ್ಟಿಗೆ ಕೆಳಗೆ ಬಿತ್ತು.

ನಾನು ‘ಹೆಟ್ಟೀ! ಹೊಸ್ತಿಲು!’ ಎಂದು ಅರಚಿದೆ. ಅವಳು ತಿರುಗಿದಳು. ತಡೆಗೊಂಡಿ ತಟ್ಟಿ ತೂಬನ್ನು ಧಡಾರನೆ ಬೀಳಿಸಿದಳು. ನೀರು ಇಳಿಯುವುದು ನಿಂತಿತು. ನೀರು ಮತ್ತೆ ಏರಲೆಂದು ನಾನು ಮೇಲಿನ ತೂಬನ್ನು ಹಲ್ಲುಚಕ್ರದ ಒಂದೊಂದೇ ಹಲ್ಲಿನಷ್ಟು ಎತ್ತುತ್ತ ಬಂದೆ. ಅವಸರ ಮಾಡಿದರೆ ಮೇಲಿನ ನೀರು ದೋಣಿಯೊಳಗೇ ಧುಮುಕುತ್ತದೆ. ಮೂತಿಯ ಕಡೆಯ ಬಾಗಿಲಿಂದ ಆಗಲೇ ನೀರು ಒಳನುಗ್ಗಿ ಹಾಸಿಗೆಯವರೆಗೂ ಹೋಗಿತ್ತು. ಮರ ಕಿರುಗುಟ್ಟಿತು, ಕಬ್ಬಿಣ ಕಿರುಗುಟ್ಟಿತು, ಆಮೇಲೆ ‘ಡಾಟಿ ಮೇ’ ಹೊಸ್ತಿಲು ಬಿಟ್ಟು ತೇಲಿತು. ಹಿಂದಿನ ಚುಕ್ಕಾಣಿ ಸೊಟ್ಟಗಾಗಿತ್ತು.

ಬೋಳುತಲೆಯವನ ಐಸ್‌ಕ್ರೀಮು ಕರಗಿ ಬೂಟಿನ ಮೇಲೆ ಇಳಿಯುತ್ತಿತ್ತು. ‘ಅಂದ್ರೆ, ಅದು ಹಾಗಾಗ್ಬಾರ್ದಿತ್ತಾ?’ ಎಂದು ನನ್ನನ್ನು ಕೇಳಿದ.

ಹೂವಿನ ಟೊಪ್ಪಿಯವಳು ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು, ನೆಲ ತೊಳೆದ ನೀರಿನ ಮಾತೂ ಸೇರಿ. ಮಂಗಳವಾರದೊಳಗೆ ಅದನ್ನು ದೇಶವೆಲ್ಲ ನೋಡಿ ನಕ್ಕಿತು. ಬೆವರ್ಲಿಯ ಕಚೇರಿಯಲ್ಲಿ ಯಾರೋ, ‘ಈ ಅಜ್ಜಿ ನೋಡೇ, ಹೊಟ್ಟೆ ಹುಣ್ಣಾಗುತ್ತೆ,’ ಎಂದು ಬೆವರ್ಲಿಗೇ ತೋರಿಸಿದರಂತೆ. ಅವಳು ಫೋನು ಮಾಡಿದಾಗ ಹೆಟ್ಟಿ ನನ್ನ ದೋಣಿಯಲ್ಲಿ ಒದ್ದೆ ಕಾಲುಚೀಲ ಒಣಗಿಸುತ್ತಿದ್ದಳು.

‘ಹೂಂ, ನಾನೇ,’ ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ‘ಹೂಂ, ಮಾತು ಕೊಟ್ಟಿದೀನಿ. ನೆನಪಿದೆ ಬಿಡೇ.’

ಚುಕ್ಕಾಣಿ ರಿಪೇರಿಗೆ ದೋಣಿ ಎರಡು ವಾರ ಯಾರ್ಡಿಗೆ ಹೋಯಿತು. ಹೆಟ್ಟಿ ಸಾಲಿಹಲ್‌ಗೆ ಹೋದಳು. ಅಲ್ಲಿಂದ ನನಗೆ ದಿನಾ ಫೋನು.

‘ರೆಜ್, ಇಲ್ಲಿ ನೆಲ ಗುಡಿಸೋಕೆ ಒಂದು ತಟ್ಟೆ ಇದೆ ಕಣೋ, ತಾನೇ ಓಡಾಡುತ್ತೆ. ನನ್ನ ಕಾಲಿಗೆ ಬಂದು ಗುದ್ದಿ, ತಿರುಗಿ ಹೋಗುತ್ತೆ. ಈ ಮನೇಲಿ ಬೆಳಗ್ಗಿಂದ ನನ್ನ ಮುಟ್ಟಿದ್ದು ಅದೊಂದೇ.’

ಇನ್ನೊಂದು ದಿನ: ‘ಪಾರ್ಸೆಲ್‌ನೋನು ಬಂದಿದ್ದ. ಬಾಗಿಲು ತೆಗೆಯೋಷ್ಟ್ರಲ್ಲಿ ಡಬ್ಬಿಯ ಫೋಟೊ ತೆಗ್ದು ಓಡೋಗಿದ್ದ. ಏನಾದ್ರೂ ಕೇಳ್ತಾನೇನೋ ಅಂತ ಉತ್ತರ ರೆಡಿ ಮಾಡ್ಕೊಂಡಿದ್ದೆ.’

ಕೊನೆಗೆ ಒಂದು ದಿನ ದನಿ ತಗ್ಗಿಸಿ ಹೇಳಿದಳು. ‘ಅಡುಗೆಮನೇಲಿ ಒಂದು ಮಾತಾಡೋ ಡಬ್ಬಿ ಇಟ್ಟಿದಾರೆ. ನಾಳೆ ಮಳೆ ಬರುತ್ತಾ ಅಂತ ಗ್ರಹಾಂ ಅದನ್ನ ಕೇಳ್ತಾನೆ. ಮೊಟ್ಟೆ ಎಷ್ಟೊತ್ತು ಬೇಯಿಸ್ಬೇಕು ಅಂತ ಇವಳೂ ಅದನ್ನೇ ಕೇಳ್ತಾಳೆ. ನಾನು ಪಕ್ಕದಲ್ಲೇ ಕೂತಿದೀನಿ ರೆಜ್. ಐನೂರು ಮಕ್ಕಳಿಗೆ ಮೊಟ್ಟೆ ಬೇಯ್ಸಿ ಹಾಕ್ದೋಳು ಪಕ್ಕದಲ್ಲೇ ಕೂತಿದೀನಿ.’

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಎದುರಿಗೆ ಸಿಕ್ಕ ಬಾತುಕೋಳಿಗೆ ಬೈದೆ.

ರಿಪೇರಿಯಾದ ದೋಣಿಯನ್ನು ನಾನೇ ಹ್ಯಾಝೆಲ್‌ಗೆ ತಂದು ಕಟ್ಟಿದೆ. ಬೆವರ್ಲಿ ಕಿಟಕಿಗೆ ‘ಮಾರಾಟಕ್ಕಿದೆ’ ಎಂಬ ರಟ್ಟು ಸಿಕ್ಕಿಸಿದಳು. ಕೊಳ್ಳುವವರು ಶನಿವಾರವೇ ಬಂದರು. ಜೂಲಿಯನ್ ಮತ್ತು ಫ್ಲಿಕ್ ಎಂಬ ಲಂಡನ್ನಿನ ಎಳೆಯ ಜೋಡಿ. ಅವನಿಗೆ ಕತ್ತರಿಸಿದ ಗಡ್ಡ, ಇಬ್ಬರಿಗೂ ಕೆಸರು ಕಾಣದ ಹೊಸ ಗಂಬೂಟು. ಸರಳವಾಗಿ ಬದುಕಬೇಕಂತೆ. ಅದಕ್ಕೆ ಕಾಫಿ ಯಂತ್ರ ಎಲ್ಲಿಡುವುದೆಂದು ಟೇಪು ಹಿಡಿದು ಅಳೆಯುತ್ತಿದ್ದರು. ನನ್ನ ದೋಣಿಯ ಮಾಡಿಗೆ ಬಣ್ಣ ಬಳಿಯುವ ತುರ್ತು ಕೆಲಸ ನನಗೆ ಆ ಹೊತ್ತಿಗೇ ನೆನಪಾಯಿತು. ಅಲ್ಲಿಂದ ಎಲ್ಲ ಕೇಳುತ್ತದೆ. ಬೆವರ್ಲಿ ಅಮ್ಮನನ್ನು ಕರೆದುಕೊಂಡು, ಒಳ್ಳೆಯ ಬೂಟಿನಲ್ಲೇ ಕೆಸರಿಗಿಳಿದು ಬಂದು ದೋಣಿಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

‘ಅಮ್ಮಾ,’ ಎಂದಳು ಮೊದಲೇ, ‘ಸುಳ್ಳು ಹೇಳ್ಬೇಡ. ಅವರು ಕೇಳಿದ್ದಕ್ಕೆ ನಿಜ ಹೇಳು.’

‘ಆಗ್ಲಿ,’ ಎಂದಳು ಹೆಟ್ಟಿ.

‘ಚಳಿಗಾಲದಲ್ಲಿ ಚಳಿ ಆಗುತ್ತಾ?’ ಎಂದಳು ಫ್ಲಿಕ್.

‘ಆಗುತ್ತಮ್ಮಾ. ಜನವರೀಲಿ ಕಿಟಕಿಗೆ ಒಳಗಡೆಯಿಂದ ಮಂಜುಗಡ್ಡೆ ಕಟ್ಟುತ್ತೆ. ಬೆಳಗಾಗೋ ಮುಂಚೆ ಎದ್ದು ಒಲೆಗೆ ಕಲ್ಲಿದ್ದಲು ಹಾಕ್ಬೇಕು. ಮರೆತ್ರೆ ಹಲ್ಲುಜ್ಜೋ ಬ್ರಷ್ಷು ಲೋಟಕ್ಕೆ ಕಚ್ಕೊಂಡಿರುತ್ತೆ. ಹೊದಿಕೆ ಯಾವಾಗ್ಲೂ ಹಸಿ.’

ಜೂಲಿಯನ್ ಕೆಮ್ಮಿದ. ‘ಮತ್ತೆ ಈ... ಅದೆಲ್ಲಾ?’

‘ಡಬ್ಬಿ ಇದೆ. ತುಂಬಿದ್ಮೇಲೆ ಕೈಯಲ್ಲಿ ಹಿಡ್ಕೊಂಡು ಲಾಕಿನಾಚೆ ಗುಂಡಿಗೆ ಸುರೀಬೇಕು. ಭಾರ ಇರುತ್ತೆ, ದಾರಿ ಜಾರುತ್ತೆ. ಒಂದ್ಸಲ ಮುಚ್ಚಳ ಸರಿಯಾಗಿ ಕೂತಿರ್ಲಿಲ್ಲ.’

‘ಆಮೇಲೆ?’

‘ಆ ಕೋಟು ಸುಟ್ಟಾಕ್ದೆ.’

ಫ್ಲಿಕ್ ಟೇಪನ್ನು ಸುತ್ತಿಟ್ಟಳು. ‘ಇಬ್ಬರಿಗೆ ಜಾಗ ಸಾಕಾಗುತ್ತಲ್ವಾ?’ ಎಂದಳು, ಈಗ ದನಿಯಲ್ಲಿ ಬೇಡಿಕೆಯಿತ್ತು.

‘ಸಾಕಾಗಲ್ಲ. ಲೆನ್ ಇದ್ದಾಗ ಒಬ್ರು ನಡೀಬೇಕಂದ್ರೆ ಇನ್ನೊಬ್ರು ಮಂಚ ಹತ್ತಿ ಕೂರ್ಬೇಕಿತ್ತು. ಬೈಕೊಂಡೇ ಬದುಕಿದ್ವಿ. ಅವನು ಸತ್ತ ಮೇಲೆ ಒಬ್ಳಿಗೆ ಇದು ವಿಪರೀತ ದೊಡ್ಡದಾಗೋಯ್ತು. ಮೊದಲ್ನೇ ವರ್ಷ ಆ ಕಡೆ ತುದಿಗೆ ನಾನು ಹೋಗ್ತಾನೇ ಇರ್ಲಿಲ್ಲ.’

ಯೋಚಿಸಿ ಹೇಳುತ್ತೇವೆ ಎಂದು ಜೋಡಿ ಹೊರಟಿತು. ಇಷ್ಟು ವರ್ಷದ ಸುಳ್ಳಿಗೆ ದಂಡೆಯವರು ಒಬ್ಬರೂ ಓಡಿಹೋಗಿರಲಿಲ್ಲ. ಕಾಲು ಗಂಟೆಯ ನಿಜಕ್ಕೆ ಇವರು ಕಾರಿನವರೆಗೆ ಓಡಿದರು. ನಾನು ನಗಲು ಬಾಯಿ ತೆರೆದು ಬೆವರ್ಲಿಯ ಮುಖ ನೋಡಿ ಮುಚ್ಚಿದೆ.

‘ಇದನ್ನೆಲ್ಲ ನಂಗ್ಯಾಕೆ ಹೇಳ್ಲಿಲ್ಲ?’ ಎಂದಳು ಬೆವರ್ಲಿ.

‘ನೀನು ಕೇಳ್ಲಿಲ್ಲ.’

‘ಇಷ್ಟು ಕಷ್ಟ ಇದ್ರೂ ಇಲ್ಲೇ ಯಾಕೆ ಇರ್ಬೇಕಮ್ಮ ನಿಂಗೆ? ಮೈಗೆ ಬೆಚ್ಚಗಿರೋ ಮನೆ ಇದೆ, ನಾವಿದೀವಿ.’

ಹೆಟ್ಟಿ ಮಗಳನ್ನು ನೋಡಿದಳು.

‘ಹೌದು, ಬೆಚ್ಚಗಿದೆ. ನಿಮ್ಮನೇಲಿ ಎರಡು ವಾರ ಇದ್ದೆ ಬೆವ್. ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ದೋಣಿ ಹೊಸ್ತಿಲ ಮೇಲೆ ನೇತಾಡಿತ್ತಲ್ಲ, ಏನಾಯ್ತಮ್ಮಾ ಅಂತ ನೀನೂ ಕೇಳ್ಲಿಲ್ಲ. ವಿಡಿಯೊ ನೋಡಿದ್ದೆ ಅಂದೆ, ಅಷ್ಟೇ. ಇಲ್ಲಿ ಕೇಳೋರು ಪೆದ್ದರು, ನಿಜ. ಆದ್ರೂ ನಿಂತು ಕೇಳ್ತಾರೆ ಕಣೇ. ನನ್ನ ಮುಖ ನೋಡ್ಕೊಂಡು ಕೇಳ್ತಾರೆ.’ ಕಿಟಕಿಯ ರಟ್ಟಿನ ಕಡೆ ಕೈ ತೋರಿಸಿದಳು. ‘ಮಾತು ಕೊಟ್ಟಿದೀನಿ, ಅದಕ್ಕೆ ಬರ್ತೀನಿ. ಇವರಲ್ದಿದ್ರೆ ಇನ್ಯಾರೋ ಕೊಂಡ್ಕೋತಾರೆ. ಆದ್ರೆ ಖುಷಿಯಿಂದ ಬಂದ್ಲು ಅಂತ ಯಾರಿಗೂ ಹೇಳ್ಬೇಡ.’

ಬೆವರ್ಲಿ ಕೆಳಗೆ ಬಂದು ಒದ್ದೆಯ ಕಲೆ ಉಳಿದಿದ್ದ ಮಂಚದ ಅಂಚಿನಲ್ಲಿ, ಅಮ್ಮನ ಪಕ್ಕ ಕೂತಳು. ಆ ದೋಣಿಯಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಆವತ್ತು ಹೆದ್ರಿಕೆ ಆಯ್ತಾ ಅಮ್ಮಾ?’ ಎಂದಳು.

ಇಂಥದಕ್ಕೆ ಹೆಟ್ಟಿಯ ಹತ್ತಿರ ಹತ್ತು ಉತ್ತರಗಳಿರುತ್ತವೆ. ನಾನು ಕಾದೆ.

‘ಆಯ್ತು,’ ಎಂದಳು ಹೆಟ್ಟಿ. ‘ತುಂಬಾ ಆಯ್ತು ಕಣೇ. ಮನೆ ಹೋಯ್ತು ಅಂತ ಅಲ್ಲ. ಇವಳೊಬ್ಳು ಕೈಲಾಗ್ದೋಳು ಅಂತ ನೀನು ತಿಳ್ಕೋತೀಯ ಅಂತ.’

ಬೆವರ್ಲಿ ಎದ್ದು ಹೋಗಿ ಕಿಟಕಿಯಿಂದ ರಟ್ಟನ್ನು ಕಿತ್ತಳು. ಕೈಯಲ್ಲಿ ಹಿಡಿದುಕೊಂಡೇ ಮತ್ತೆ ಬಂದು ಕೂತಳು. ‘ಆಮೇಲೆ ಏನ್ಮಾಡ್ದೆ? ಮೊದಲಿಂದ ಹೇಳು,’ ಎಂದಳು.